ಪಾದರಕ್ಷೆ ಎಣಿಸುತ್ತಿದ್ದ ಈರಬಸಪ್ಪನವರು

ಭಾನುವಾರ ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ಈರಬಸಪ್ಪನವರು ನಡೆಯುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಇವೆರಡರ ನಡುವಿನದೊಂದು ಗತಿ ಆ ದಿನಕ್ಕೆಂದೇ ಅವರಿಗೆ ಒದಗಿಬರುತ್ತಿತ್ತು. ಬಲಗಾಲು ಗಾಂಭೀರ್ಯವನ್ನು ಕಾಯ್ದುಕೊಂಡು ನೆಲಕ್ಕೆ ಊರುತ್ತಿದ್ದರೆ, ಎಡಗಾಲು ಆ ಗಾಂಭೀರ್ಯವನ್ನು ಕಿಂಚಿತ್ತೂ ಲಕ್ಷಿಸದೆ ಮುಂದಕ್ಕೆ ಹಾರಿಬಿಡುತ್ತಿತ್ತು. ವಾರದ ಆರು ದಿನ ಪುಣೆಯ ದಂಡುಪ್ರದೇಶವಾದ ಲಷ್ಕರದ ಸಣ್ಣ ಅಂಗಡಿಯೊಂದರಲ್ಲಿ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿ ಕೂಡುತ್ತಿದ್ದ ಈ ಐವತ್ತೆಂಟರ ಮನುಷ್ಯ, ಏಳನೆಯ ದಿನ, ಮುಹೂರ್ತ ಮೀರೀತೆಂದು ಹೆದರಿದ ಸೋದರಮಾವನಂತೆ ಕನ್ನಡ ಆರಾಧನೆಗೆ ಧಾವಿಸುವುದನ್ನು ಕಂಡು ದಾರಿಯ ಇರಾಣಿ ಹೋಟೆಲಿನವನು ತನ್ನ ಗಡಿಯಾರದ ಮೇಲೆಯೇ ಸಂಶಯಪಡುತ್ತಿದ್ದ. ಆರಾಧನೆ ಇದ್ದದ್ದು ಮೂರು ಗಂಟೆಗೆ, ದಾರಿ ಹತ್ತು ನಿಮಿಷದ್ದು.

ಅವರ ಕೋಟಿನ ಮಾತಿಲ್ಲದೆ ಅವರ ಚಿತ್ರ ಪೂರ್ಣವಾಗದು. ಸಾಹೇಬರ ಉಡುಪುಗಳನ್ನು ಕತ್ತರಿಸಿದಾಗ ಉಳಿದ ಕರಿಯ ತುಂಡುಗಳನ್ನು ಮೂರು ವರ್ಷ ಕೂಡಿಟ್ಟು ತಾವೇ ಹೊಲಿದುಕೊಂಡ ಕೋಟು ಅದು. ನೆರಳಿನಲ್ಲಿ ಅಪ್ಪಟ ಕಪ್ಪು. ಬಿಸಿಲಿಗೆ ಬಂದರೆ ಒಂದು ತೋಳು ತುಸು ಹಸಿರು, ಬೆನ್ನು ತುಸು ನೀಲಿ. ಏಪ್ರಿಲ್ ತಿಂಗಳ ಧಗೆಯಲ್ಲೂ ಅದು ಮೈಮೇಲಿರಲೇಬೇಕು. "ಬೆವರಿಲೆ ತೊಯ್ದು ಹೋಗ್ತೀರಿ, ಇವತ್ತೊಂದಿನ ಬಿಡ್ರಿ ಅದನ್ನ" ಎಂದು ಹೆಂಡತಿ ಪ್ರೇಮಾವತಿ ಅಂದರೆ, "ಸಾಹೇಬನ ಮುಂದ ನಿಲ್ಲೂಮುಂದ ಗುಂಡಿ ಹಾಕ್ಕೋತೀನಿ, ದೇವರ ಮುಂದ ಎದಿ ಬಿಟ್ಕೊಂಡು ನಿಲ್ಲಲೇನು?" ಎಂದು ಕೊರಳಿನತನಕ ಗುಂಡಿ ಏರಿಸುವರು.

ಬೆಟಗೇರಿಯ ನೇಕಾರರ ಮನೆತನ. ಅಜ್ಜನ ಕಾಲಕ್ಕೆ ಕ್ರಿಸ್ತನನ್ನು ನಂಬಿದವರು, ಹೆಸರನ್ನು ಮಾತ್ರ ಬಿಡಲಿಲ್ಲ. ಪುಣೆಯಲ್ಲಿ ಇವರಂಥ ಕನ್ನಡ ಕ್ರೈಸ್ತರಿಗೆ ಸ್ವಂತದ ದೇವಾಲಯವಿರಲಿಲ್ಲ. ಮರಾಠಿ ಸಭೆಯವರು ಉದಾರವಾಗಿ ತಮ್ಮ ಕಲ್ಲಿನ ದೇವಾಲಯವನ್ನು ಭಾನುವಾರ ಮಧ್ಯಾಹ್ನ ಒಂದು ತಾಸು ಬಿಟ್ಟುಕೊಟ್ಟಿದ್ದರು. ಆರು ದಿನ ಮರಾಠಿಯಲ್ಲಿ ಚೌಕಾಸಿ ಮಾಡಿ, ಹಿಂದುಸ್ತಾನಿಯಲ್ಲಿ ಬೈಸಿಕೊಂಡವರು ಏಳನೆಯ ದಿನ ಕನ್ನಡದಲ್ಲಿ ಅಳಲು ಬರುತ್ತಿದ್ದ ತಾಸು ಅದು. ಅದು ಎಷ್ಟು ಅಮೂಲ್ಯವೆಂಬುದು ಪರವೂರಿನಲ್ಲಿ ಬಾಳಿದವರಿಗಷ್ಟೇ ಗೊತ್ತು.

ಆ ತಾಸಿನಲ್ಲಿ ಈರಬಸಪ್ಪನವರಿಗೆ ಒಪ್ಪಿಸಲಾದ ಕೆಲಸ ಹಾಜರಿ ಬರೆಯುವುದು. ತಲೆ ಎಣಿಸಿದರೆ ದೃಷ್ಟಿ ತಾಗುವುದೆಂದು ಮುದುಕಿಯರು ಮುನಿದದ್ದರಿಂದ ಅವರು ಉಪಾಯವೊಂದನ್ನು ಕಂಡುಕೊಂಡಿದ್ದರು. ಎಲ್ಲರೂ ಪಾದರಕ್ಷೆಗಳನ್ನು ಪಡಸಾಲೆಯ ಕಲ್ಲಿನ ಮೇಲೆ ಬಿಟ್ಟು ಒಳಹೋಗಿ ಚಾಪೆಯ ಮೇಲೆ ಕೂಡುವುದು ಸಭೆಯ ರೂಢಿ. ಆ ಜೋಡುಗಳನ್ನೇ ಎಣಿಸಿ ಪುಸ್ತಕದಲ್ಲಿ ಬರೆದುಬಿಡುವುದು. ಹದಿನಾಲ್ಕು ವರ್ಷ ಅವರು ಹೊಸ್ತಿಲ ಬಳಿ ಕುತ್ತಿಗೆ ಹೊರಳಿಸಿ ಕುಳಿತರು. ಒಂದು ಕಿವಿ ಕೀರ್ತನೆಯ ಕಡೆಗೆ, ಎರಡೂ ಕಣ್ಣು ಚಪ್ಪಲಿಗಳ ಕಡೆಗೆ. ತಡವಾಗಿ ಬಂದವರನ್ನು ಕಣ್ಣಿನಲ್ಲೇ ಗದರಿಸುವರು, ಮರುದಿನ ಅವರ ಮನೆಗೇ ಹೋಗಿ, "ಎಣಿಕಿಗೆ ಬರಬೇಕಲ್ರಿ" ಎನ್ನುವರು. ಯಾವ ಮಾತನ್ನಾದರೂ ಅವರು ಮುಗಿಸುತ್ತಿದ್ದುದೇ ಹಾಗೆ.

ಸಾವಿರದ ಒಂಬೈನೂರ ಮೂವತ್ತನಾಲ್ಕರ ಬೇಸಿಗೆಯಲ್ಲಿ ಎಣಿಕೆಯೇ ಉರುಳಾಗಿ ಕೊರಳಿಗೆ ಬಂತು. ಮರಾಠಿ ಸಭೆಯ ಹಿರಿಯರಾದ ಪಂಢರಿನಾಥರಾಯರು ಹಾಜರಿ ಪುಸ್ತಕವನ್ನು ತಿರುವಿ, ತಮ್ಮ ಸಭೆಯ ಮಕ್ಕಳ ಪಾಠಕ್ಕೂ ಜಾಗ ಸಾಲದೆಂದು ನೊಂದುಕೊಂಡೇ ಹೇಳಿದರು: "ಪಂಚವೀಸ ತರೀ ಪಾಹಿಜೇತ." ಇಪ್ಪತ್ತೈದಾದರೂ ಬೇಕು, ಇಲ್ಲವಾದರೆ ಕನ್ನಡದವರು ಬೆಳಗಿನ ಮರಾಠಿ ಆರಾಧನೆಗೇ ಬರಲಿ. ಮೂರನೆಯ ಭಾನುವಾರ ತಾವೇ ಬಂದು ನೋಡುವುದಾಗಿಯೂ ಹೇಳಿದರು.

ಮೊದಲ ವಾರ ಹದಿನೆಂಟು ಜೋಡು, ಎರಡನೆಯ ವಾರ ಹತ್ತೊಂಬತ್ತು. ಈರಬಸಪ್ಪನವರಿಗೆ ಅನ್ನ ಸೇರಲಿಲ್ಲ. ಅಂಗಡಿಗೆ ಬೀಗ ಜಡಿದು ರಾಸ್ತಾ ಪೇಠೆಯಿಂದ ಖಡಕಿಯವರೆಗೆ ಕನ್ನಡದವರ ಬಾಗಿಲು ಬಾಗಿಲು ತಟ್ಟಿದರು. ಬರುತ್ತೇವೆಂದವರು ಬಹಳ, ಆ ದನಿಯನ್ನು ಕೇಳಿದರೇ ಬರುವುದಿಲ್ಲವೆಂದು ತಿಳಿಯುತ್ತಿತ್ತು. ಕೊನೆಗೆ ಈ ಸತ್ಯವಂತ ಮನುಷ್ಯ ಮಾಡಿದ್ದನ್ನು ಹೇಳಲು ನಗುವೂ ಬರುತ್ತದೆ, ಕರುಳೂ ಚುರುಕ್ಕೆನ್ನುತ್ತದೆ: ಪಕ್ಕದ ಮೋಚಿಯ ಹತ್ತಿರ ಹಳೆಯ ಚಪ್ಪಲಿಗಳನ್ನು ಕೇಳಿ ತಂದು, ಮೂರನೆಯ ಭಾನುವಾರ ಚೀಲದಿಂದ ಒಂದೊಂದಾಗಿ ತೆಗೆದು, ಪಡಸಾಲೆಯಲ್ಲಿ ಏಳು ಜೋಡುಗಳನ್ನು ಸಾಲಾಗಿ ಇಟ್ಟರು. ಬರುವ ಹತ್ತೊಂಬತ್ತಕ್ಕೆ ಏಳು ಕೂಡಿದರೆ ಇಪ್ಪತ್ತಾರು.

ಜನ ಬಂದರು, ಅದೇ ಹತ್ತೊಂಬತ್ತು ಜೋಡು ಬಿಟ್ಟರು, ಒಳಗೆ ಹೋದರು. ಹಿಂದೆಯೇ ಸಾವಂತ್ರವ್ವ ಬಂದಳು. ಘೋರಪಡಿಯ ರೇಲ್ವೆ ಲೈನಿನ ಮೇಲೆ ಜಲ್ಲಿ ಹೊರುವ ಹೆಂಗಸು. ಪ್ರತಿವಾರವೂ ಅಂಗಳದ ನಲ್ಲಿಯಲ್ಲಿ ಕಾಲು ತೊಳೆದು, ಸೆರಗಿನಿಂದ ಒರೆಸಿಕೊಂಡು ಒಳಗೆ ಅಡಿಯಿಡುವವಳು. ಚಾಪೆ ಒದ್ದೆಯಾಯಿತೆಂದು ಇದೇ ಈರಬಸಪ್ಪನವರು ಎಷ್ಟೋ ಸಲ ಅವಳ ಮೇಲೆ ರೇಗಿದ್ದುಂಟು. ಅಂದು ಪಡಸಾಲೆ ನೋಡಿ ಅವಳ ಮುಖ ಅರಳಿತು.

"ಇವತ್ತ ಭಾಳ ಮಂದಿ ಬಂದಾರಲ್ರಿ ಯಣ್ಣಾ" ಎಂದು ಒಳಗೆ ಇಣುಕಿದಳು. ಮತ್ತೆ ಈಚೆಗೆ ನೋಡಿದಳು. "ಒಳಗ ಅಷ್ಟ ಮಂದಿ ಕಾಣವಲ್ರಲ್ರಿ. ಇವು ಯಾರವ?"

ಆ ಕೋಟು ತೊಟ್ಟು ಸುಳ್ಳಾಡುವುದು ಅವರಿಂದಾಗದ ಮಾತು. "ಎಣಿಕಿಗೆ ಇಟ್ಟೀನವಾ. ರಾಯರು ಬಂದು ಚಪ್ಪಲಿ ನೋಡ್ತಾರ. ಇಪ್ಪತ್ತೈದ ಆಗಲಿಲ್ಲಂದ್ರ ನಮ್ಮ ತಾಸು ಹೋತು."

"ಚಪ್ಪಲಿ ಎಣಸ್ತೀರೇನ್ರಿ ನೀವು?" ಸಾವಂತ್ರವ್ವ ತನ್ನ ಒದ್ದೆ ಪಾದಗಳನ್ನು ನೋಡಿಕೊಂಡಳು. "ಹಂಗಾರ ನಾ ಇಷ್ಟು ವರ್ಷ ಬಂದಿದ್ದು ಎಣಿಕಿಯಾಗ ಇಲ್ಲನ್ರಿ."

ದೂರಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಅಷ್ಟರಲ್ಲಿ ಬಾಜಾಪೆಟ್ಟಿಗೆಯ ಸ್ವರ ಎದ್ದಿತು. ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು.

ಈರಬಸಪ್ಪನವರು ಹೊಸ್ತಿಲಲ್ಲಿ ನಿಂತೇ ಇದ್ದರು. ಕೀರ್ತನೆ ಮುಗಿದು ಸಭೆ ಪ್ರಾರ್ಥನೆಗೆ ಮೊಣಕಾಲೂರಿತು. ಆಗ ಎಲ್ಲರ ಅಂಗಾಲುಗಳೂ ಬಾಗಿಲ ಕಡೆಗೆ ತಿರುಗಿದವು. ಹದಿನಾಲ್ಕು ವರ್ಷ ಅವು ಹೀಗೆಯೇ ತಿರುಗಿದ್ದವು, ಅವರ ಕಣ್ಣು ಮಾತ್ರ ಪಡಸಾಲೆಯಲ್ಲಿತ್ತು. ಎಲ್ಲರಿಗೂ ಮುಂದಿನ ಚಾಪೆಯ ಮೇಲೆ, ಲೈನಿನ ಜಲ್ಲಿ ಕೊರೆದು ಸೀಳಿದ, ಎಂದೂ ಚಪ್ಪಲಿ ಕಾಣದ ಅಂಗಾಲುಗಳು. ಗಂಡಸರ ಕಡೆ ಮೂವರು, ಹೆಂಗಸರ ಕಡೆ ಐವರು. ಅವರ ಪುಸ್ತಕ ಯಾರನ್ನು ಬಂದಿಲ್ಲವೆಂದು ಬರೆದಿತ್ತೋ ಅವರೇ ಎಲ್ಲರಿಗಿಂತ ಮುಂದೆ ಬಂದು ಕುಳಿತಿದ್ದರು. ಹತ್ತೊಂಬತ್ತು ಮತ್ತು ಎಂಟು, ಇಪ್ಪತ್ತೇಳು. ಅವರಿಗೆ ಸಂತೋಷವೂ ಲಜ್ಜೆಯೂ ಒಟ್ಟಿಗೇ ಉಕ್ಕಿಬಂದವು.

ಏಳು ಜೋಡುಗಳನ್ನು ಬಾಚಿ ಚೀಲಕ್ಕೆ ತುಂಬುತ್ತಿರುವಾಗಲೇ ಪಂಢರಿನಾಥರಾಯರು ಮೆಟ್ಟಲೇರಿ ಬಂದರು. ಕಲ್ಲಿನ ಮೇಲೆ ಕಣ್ಣಾಡಿಸಿ, ತಲೆ ಅಲ್ಲಾಡಿಸಿ, ಏನೋ ಹೇಳಲು ಬಾಯಿ ತೆರೆದರು. ಹಿರಿಯರ ಎದುರಿಗೆ ದನಿಯೆತ್ತದಿದ್ದ ಈರಬಸಪ್ಪನವರು ಸರಕ್ಕನೆ ಅವರ ಕೈ ಹಿಡಿದರು. "ಆಧೀ ಆತ ಯಾ" ಎಂದರು. ಮೊದಲು ಒಳಗೆ ಬನ್ನಿ ಎಂದು. ಎಳೆದುಕೊಂಡೇ ಹೋದರೆನ್ನಬೇಕು. ಹಿಂದಿನ ಚಾಪೆಗಳ ಮೇಲೆ ಜಾಗವಿರಲಿಲ್ಲವಾದ್ದರಿಂದ ಇಬ್ಬರೂ ಮುಂದಿನ ಚಾಪೆಯ ಮೇಲೆ, ಬರಿಗಾಲಿನವರ ಪಕ್ಕದಲ್ಲಿ ಕುಳಿತರು.

ಆರಾಧನೆ ಮುಗಿದ ಮೇಲೆ ಈರಬಸಪ್ಪನವರು ಚೀಲ ಬಿಚ್ಚಿ ತೋರಿಸಿ, ಹದಿನಾಲ್ಕು ವರ್ಷದ ಪುಸ್ತಕವೂ ತಪ್ಪೆಂದು ಒಪ್ಪಿಕೊಂಡರು. ರಾಯರು ಚೀಲದ ಬಾಯನ್ನು ತಾವೇ ಕಟ್ಟಿ ಅವರ ಕೈಗಿತ್ತರು. "ತಾಸ ತುಮಚಾಚ" ಎಂದರು. ಈ ತಾಸು ನಿಮ್ಮದೇ. ಹೋಗುವಾಗ, ತಮ್ಮ ಸಭೆಯ ಹಾಜರಿಯನ್ನೂ ಒಮ್ಮೆ ನೋಡಬೇಕೆಂದು ತಮ್ಮಷ್ಟಕ್ಕೆ ಗೊಣಗಿಕೊಂಡರು.

ಅಂದು ಈರಬಸಪ್ಪನವರ ಕಣ್ಣು ಒದ್ದೆಯಾಗಿತ್ತು. ಆರಾಧನೆಯಲ್ಲಿ ಪ್ರಸಂಗ ಮಾಡಿ ದೇವರ ವಾಕ್ಯ ಬೋಧಿಸಿದ್ದ ಉಪದೇಶಿ ಶಿವರುದ್ರಪ್ಪನವರ ಹತ್ತಿರ ಹೋಗಿ, "ಇಂಥಾ ಪ್ರಸಂಗ ನಾ ಎಂದೂ ಕೇಳಿರಲಿಲ್ರಿ" ಎಂದರು.

ಶಿವರುದ್ರಪ್ಪನವರು ಸಂಕೋಚದಿಂದ ಕೆಮ್ಮಿದರು. "ಹ್ವಾದ ವಾರದ್ದ ಅದ್ರಿ. ಜ್ವರ ಇತ್ತು, ಹೊಸಾದು ಬರೀಲಿಕ್ಕೆ ಆಗಲಿಲ್ಲ."

ಮುಂದೆಯೂ ಭಾನುವಾರದ ಆ ಗತಿ ತಪ್ಪಲಿಲ್ಲ, ಕೋಟೂ ತಪ್ಪಲಿಲ್ಲ. ಹಾಜರಿ ಪುಸ್ತಕ ಪ್ರೇಮಾವತಿಯ ಪಾಲಾಯಿತು. ಅವಳು ಮುಖ ನೋಡಿ, ಹೆಸರು ಹಿಡಿದು ಬರೆದಳು. ಈರಬಸಪ್ಪನವರು ನಲ್ಲಿಯ ಹತ್ತಿರ ಸಾವಂತ್ರವ್ವನ ಸರದಿ ಮುಗಿಯುವತನಕ ಕಾದು, ತಾವೂ ಕಾಲು ತೊಳೆದು ಒದ್ದೆ ಹೆಜ್ಜೆಯಲ್ಲೇ ಒಳಗೆ ಹೋಗುತ್ತಿದ್ದರು.

ಇಂಥವರು ಎಲ್ಲ ದೇವರ ಮನೆಗಳಲ್ಲೂ ಇರುತ್ತಾರೆ. ಚಾಪೆ ಹಾಸುವವರು, ದೀಪ ಒರೆಸುವವರು, ಬಂದವರೆಷ್ಟು ಬಾರದವರೆಷ್ಟು ಎಂದು ಕೊರಗುವವರು. ಇವರಿಲ್ಲದಿದ್ದರೆ ಬಾಗಿಲೇ ತೆರೆಯದು. ಎಲ್ಲರಿಗಿಂತ ಮೊದಲೇ ಓಡಿಬಂದು, ಎಲ್ಲರನ್ನೂ ಒಳಗೆ ಕಳಿಸಿ, ವರ್ಷಗಟ್ಟಲೆ ಹೊಸ್ತಿಲಲ್ಲೇ ಉಳಿದುಬಿಡುವವರೂ ಇವರೇ. ಬರಿಗಾಲಿನವರು ಯಾರಾದರೂ ಬಂದು ಒಂದು ಮಾತು ಕೇಳುವವರೆಗೆ, ತಾವಿನ್ನೂ ಆರಾಧನೆಗೆ ಬಂದೇ ಇಲ್ಲವೆಂಬುದು ಇವರಿಗೆ ತಿಳಿಯುವುದಿಲ್ಲ.