ಐದಕ್ಕೆ ಐದು ಚುಕ್ಕಿ

"ಅಂದ್ರ ಹತ್ತು ಸೆಂಟರಿನ್ಯಾಗ ಒಬ್ಬರೂ ಬ್ಯಾಸರ ಮಾಡ್ಕೊಂಡಿಲ್ಲ?" ಶೀತಲ ಮೇಡಂ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ಕೇಳಿದರು.

"ಇಲ್ಲರಿ ಮೇಡಂ," ಎಂದ ಸುನೀಲ.

ಪರದೆಯ ಮೇಲೆ ಅವನು ಮೂರು ದಿನ ಕೂತು ತಯಾರಿಸಿದ ಪಟ್ಟಿ ಇತ್ತು. ಬೈಲಹೊಂಗಲದ ಆ ಡೇರಿಗೆ ಸುತ್ತಲಿನ ಊರುಗಳಲ್ಲಿ ನಲವತ್ತೆರಡು ಹಾಲಿನ ಸೆಂಟರುಗಳು. ಪ್ರತಿಯೊಂದರಲ್ಲೂ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಹಾಲಿನ ಜಿಡ್ಡು ಅಳೆಯುವ ಒಂದು ಫ್ಯಾಟ್ ಮಶಿನ್ನು. ಈ ಮೂರರಲ್ಲಿ ಯಾವುದಾದರೂ ಒಂದು ದಿನಾ ಎಲ್ಲೋ ಒಂದು ಕಡೆ ಮುನಿಸಿಕೊಂಡಿರುತ್ತಿತ್ತು. ಇಂಥ ತಕರಾರುಗಳನ್ನು ಬರೆದುಕೊಂಡು, ನಂಬರು ಕೊಟ್ಟು, ಮುಗಿದ ಮೇಲೆ ಮುಗಿಯಿತೆಂದು ಲೆಕ್ಕ ಒಪ್ಪಿಸುವ ಸಾಫ್ಟ್‌ವೇರ್ ಕೊಳ್ಳೋಣ, ಮೂರನ್ನು ತಂದು ಹೋಲಿಸಿ ನೋಡಿ ಎಂದು ಮೇಡಂ ಹೇಳಿದ್ದರು. ಮೇಡಂ ಎಂದರೆ ಮಾಲಕರ ಸೊಸೆ. ಎರಡು ವರ್ಷದಿಂದ ಡೇರಿಯ ಆಡಳಿತ ಅವರ ಕೈಯಲ್ಲಿತ್ತು. ಸುನೀಲ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇದ್ದವನು ಅವನೊಬ್ಬನೇ ಆದ್ದರಿಂದ ಮುಖ್ಯಸ್ಥನಾಗುವುದು ಅಷ್ಟೇನೂ ಕಷ್ಟವಾಗಿರಲಿಲ್ಲ.

ಹತ್ತು ಸೆಂಟರುಗಳನ್ನು ಆರಿಸಿ ಒಂದೊಂದು ಸಾಫ್ಟ್‌ವೇರನ್ನು ಹತ್ತು ಹತ್ತು ದಿನ ನಡೆಸಿ ನೋಡಿದ್ದರು. ಮೊದಲನೆಯದರಲ್ಲಿ ತಕರಾರುಗಳು ರಾಶಿ ಬಿದ್ದವು. ಸುನೀಲ ಒಂದು ಊರು ಮುಟ್ಟುವಷ್ಟರಲ್ಲಿ ಇನ್ನೆರಡು ಊರು ಕೆಟ್ಟು ಕೂತಿರುತ್ತಿದ್ದವು. ಮೂರನೆಯದು ಪೂರಾ ಇಂಗ್ಲಿಷು; ಅದರಲ್ಲಿ ಬಂದದ್ದು ಒಂದೇ ತಕರಾರು, ಅದೂ ಯಾರದೋ ಮೊಮ್ಮಗಳ ಹುಟ್ಟುಹಬ್ಬದ ಫೋಟೊ. ಆದರೆ ಎರಡನೆಯದು ಪವಾಡ ಮಾಡಿತ್ತು. ಅದರಲ್ಲಿ ಮಶಿನ್ನು ಸರಿಹೋದ ಮೇಲೆ ಸೆಂಟರಿನವರೇ ಮೊಬೈಲಿನಲ್ಲಿ ತಕರಾರು ಮುಗಿಯಿತೆಂದು ಒತ್ತುತ್ತಿದ್ದರು, ಆಗ ಐದು ಚುಕ್ಕಿಗಳು ಮೂಡುತ್ತಿದ್ದವು. ಸಮಾಧಾನವಾದಷ್ಟು ಚುಕ್ಕಿ ಒತ್ತಬೇಕು; ಒತ್ತಿದ್ದು ಸುನೀಲನ ಮೊಬೈಲಿಗೆ ಬಂದು ಬೀಳುತ್ತಿತ್ತು. ಹತ್ತು ದಿನದಲ್ಲಿ ಅರವತ್ತಮೂರು ತಕರಾರು. ಅರವತ್ತಮೂರಕ್ಕೂ ಐದಕ್ಕೆ ಐದು ಚುಕ್ಕಿ. ಒಂದು ತಕರಾರು ಮುಗಿಯಲು ತಗುಲಿದ ಸರಾಸರಿ ಸಮಯ ಇಪ್ಪತ್ತೆರಡು ನಿಮಿಷ. ಮುಗಿಸಿದವರು ಎಂಬ ಕಡೆ ಅರವತ್ತಮೂರು ಸಲವೂ ತಾನಾಗಿಯೇ ಬಿದ್ದ ಸುನೀಲನ ಹೆಸರು.

ತಾನು ಮುಗಿಸಿಲ್ಲವೆಂದು ಸುನೀಲನಿಗೆ ಗೊತ್ತಿತ್ತು. ಬೆಳಗಿನ ಹಾಲಿನ ಹೊತ್ತಿಗೆ, ಆರಕ್ಕೆ, ಬಂದ ತಕರಾರು ಆರೂವರೆಯೊಳಗೆ ಮುಗಿದಿರುತ್ತಿತ್ತು. ಅವನು ಏಳುತ್ತಿದ್ದುದೇ ಏಳಕ್ಕೆ. ಒಂದು ಸೆಂಟರಿಗೆ ಫೋನು ಮಾಡಿ ಕೇಳಿದ್ದರೆ ತಿಳಿಯುತ್ತಿತ್ತು. ಅವನು ಕೇಳಲಿಲ್ಲ. 'ಸಾಫ್ಟ್‌ವೇರಿನಲ್ಲೇ ಇರುವ ಸಹಾಯದ ಪುಟಗಳು: ಅತ್ಯುತ್ತಮ' ಎಂದು ಪಟ್ಟಿಯಲ್ಲಿ ಬರೆದ. ಆ ಪುಟಗಳನ್ನು ಯಾರಾದರೂ ತೆರೆದು ನೋಡಿದ್ದಾರೆಯೇ ಎಂಬುದನ್ನೂ ಅದೇ ಸಾಫ್ಟ್‌ವೇರು ತೋರಿಸುತ್ತಿತ್ತು. ಅದನ್ನು ಅವನು ನೋಡಲಿಲ್ಲ.

"ಹಂಗಾರ ಇದನ್ನ ತೊಗೊಳ್ಳೂಣು," ಎಂದರು ಮೇಡಂ. "ಇನ್ನ ಆ ಫೋನ್ ಟೇಬಲ್ ಯಾಕ ಬೇಕು? ಲಗಮವ್ವನ್ನ ಪ್ಯಾಕಿಂಗಿಗೆ ಹಾಕೂಣು. ಅಲ್ಲಿ ಮಂದಿ ಕಡಿಮಿ ಅದಾರ. ಏನಂತೀರಿ?"

ಲಗಮವ್ವ ಹನ್ನೊಂದು ವರ್ಷದಿಂದ ಮುಂದಿನ ಕೋಣೆಯಲ್ಲಿ ಹಳೆಯ ಫೋನೊಂದರ ಮುಂದೆ ಕೂತಿದ್ದಳು. ಗಂಡ ಡೇರಿಯ ಟ್ಯಾಂಕರ್ ಓಡಿಸುತ್ತಿದ್ದವನು. ಅವನು ತೀರಿಕೊಂಡ ಮೇಲೆ ಈ ಕೆಲಸ ಕೊಟ್ಟಿದ್ದರು. ಯಾವ ಸೆಂಟರಿನಿಂದ ಫೋನು ಬಂದರೂ ಮೊದಲು "ಚಾ ಆತ್ರ್ಯಾ?" ಎಂದು ಕೇಳಿ, ಆಮೇಲೆ ತಕರಾರನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುವಳು. ಅವಳದು ಒಂದೇ ಔಷಧ: ವಾಯರು ಕಿತ್ತು, ಒಣ ಅರಿವೆಯಿಂದ ಒರೆಸಿ, ನೂರರ ತನಕ ಎಣಿಸಿ, ಮತ್ತೆ ಹಾಕುವುದು. ಸೆಂಟರಿನವರು ಗಡಿಬಿಡಿಯಲ್ಲಿ ಮೂವತ್ತಕ್ಕೇ ಹಾಕಿಬಿಡುತ್ತಾರೆಂದು ಫೋನಿನಲ್ಲಿ ತಾನೇ ಎಣಿಸುವಳು. ನಡುವೆ ಅವಸರ ಮಾಡಿದವರಿಗೆ ಮತ್ತೆ ಒಂದರಿಂದ ಶುರು. ಅರ್ಧಕ್ಕರ್ಧ ಮಶಿನ್ನುಗಳು ಇಷ್ಟಕ್ಕೇ ಎದ್ದು ಕೂಡುತ್ತಿದ್ದವು. ಮೊದಲ ಸಾಫ್ಟ್‌ವೇರ್ ಮಾರಲು ಬಂದ ಹುಬ್ಬಳ್ಳಿಯ ಹುಡುಗ ಇದನ್ನು ನೋಡಿ, "ಸರ್, ಇದು ನಿಮ್ಮ ಸರ್ವಿಸ್ ಡೆಸ್ಕಾ?" ಎಂದು ನಕ್ಕಿದ್ದ. ಆ ನಗು ಸುನೀಲನಿಗೆ ಮುಳ್ಳಿನ ಹಾಗೆ ನಟ್ಟಿತ್ತು. ಹೋಲಿಕೆಗೆ ಅಡ್ಡ ಬರಬಾರದೆಂದು ಆ ಫೋನಿನ ತಂತಿ ತೆಗೆಸಿದವನೂ ಅವನೇ.

ಪ್ಯಾಕಿಂಗ್ ಎಂದರೆ ತಂಪುಕೋಣೆ. ಎಂಟು ತಾಸು ನಿಂತು ಹಾಲಿನ ಪಾಕೀಟು ಎಣಿಸಿ ಟ್ರೇಗೆ ತುಂಬಬೇಕು. ಲಗಮವ್ವನ ಮೊಣಕಾಲು ನೋವು ಡೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವಳ ಬಗ್ಗೆ ಒಂದು ಮಾತು ಹೇಳಬಹುದಾಗಿದ್ದವನು ಆ ಕೋಣೆಯಲ್ಲಿ ಸುನೀಲನೊಬ್ಬನೇ.

"ನಿಮಗ ಹೆಂಗ ಬರಾಬರಿ ಅನಸ್ತೈತೋ ಹಂಗ ಮಾಡ್ರಿ ಮೇಡಂ," ಎಂದ ಅವನು.

ಮರುವಾರ ಮೇಡಂ ಇನ್ನೊಂದು ಕೆಲಸ ಹೇಳಿದರು. ಮಾಲಕರಿಗೆ ತೋರಿಸಲು ಒಂದು ವಿಡಿಯೋ ಬೇಕು. ಎಲ್ಲರಿಗಿಂತ ಹೆಚ್ಚು ಚುಕ್ಕಿ ಒತ್ತಿದ ಮನೋಳಿಯ ದಾವಲಸಾಬನ ಮಾತು ತೆಗೆದುಕೊಂಡು ಬನ್ನಿ ಎಂದರು. ಸುನೀಲ ನಸುಕಿನಲ್ಲಿ ಗಾಡಿ ಹತ್ತಿ ಮನೋಳಿ ಮುಟ್ಟುವಾಗ ಬೆಳಗಿನ ಹಾಲು ಮುಗಿಯುತ್ತ ಬಂದಿತ್ತು. ದಾವಲಸಾಬ ಕ್ಯಾನು ತೊಳೆದಿಟ್ಟು, ಮುಖ ತೊಳೆದುಕೊಂಡು, ಒಳಗೆ ಹೋಗಿ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ಫ್ಯಾಟ್ ಮಶಿನ್ನಿನ ಪಕ್ಕ ಸೆಟೆದು ಕೂತ. ಸುನೀಲ ಮೊಬೈಲು ಎತ್ತಿ ಹಿಡಿದ.

"ಹೂಂ, ಶುರು ಮಾಡ್ರಿ. ಸಾಫ್ಟ್‌ವೇರ್ ಬಂದ ಮ್ಯಾಲೆ ಹೆಂಗಾಗೇತಿ ಹೇಳ್ರಿ."

"ಅದಿರ್ಲಿ, ಮೊದಲ ನೀವ ಹೇಳ್ರಿ ಸಾಹೇಬ್ರ. ನಿಮ್ಮ ಪರೀಕ್ಷಾ ಪಾಸಾತೇನ್ರಿ?"

"ಯಾವ ಪರೀಕ್ಷಾರಿ?"

"ಅದ ರೀ, ಚುಕ್ಕಿದು. ಲಗಮಕ್ಕ ಹೇಳಿದ್ಲಲ್ಲ. ಮೇಡಂ ನಮ್ಮ ಸುನೀಲಪ್ಪಗ ಪರೀಕ್ಷಾ ಇಟ್ಟಾರ, ಚುಕ್ಕಿ ಕಡಿಮಿ ಬಿದ್ರ ಅವನ ನೌಕರಿಗೆ ಕುತ್ತು ಬರ್ತೈತಿ, ಒಬ್ಬರೂ ಐದಕ್ಕ ಕಡಿಮಿ ಒತ್ತಬ್ಯಾಡ್ರಿ ಅಂತ ಹತ್ತೂ ಸೆಂಟರಿಗೆ ತಾನ ಫೋನ್ ಹಚ್ಚಿ ಹೇಳ್ಯಾಳ."

ಸುನೀಲನಿಗೆ ಆ ದಿನ ನೆನಪಾಯಿತು. ಮೊದಲನೆಯ ಹತ್ತು ದಿನ ಮುಗಿದಾಗ ಮೇಡಂ ಮುಂದಿನ ಕೋಣೆಯಲ್ಲಿ ಎಲ್ಲರ ಎದುರಿಗೇ ಅವನನ್ನು ನಿಲ್ಲಿಸಿಕೊಂಡು, "ಇನ್ನ ಹತ್ತು ದಿನ ಟೈಮ್ ಕೊಡ್ತೇನಿ ಸುನೀಲ. ಚುಕ್ಕಿ ಎಷ್ಟು ಬೀಳ್ತಾವ ನೋಡೂಣು," ಎಂದು ಗದರಿದ್ದರು. ಆಗ ಲಗಮವ್ವ ಸುಮ್ಮನಾದ ಫೋನಿನ ಮುಂದೆ ತಲೆ ತಗ್ಗಿಸಿ ಕೂತಿದ್ದಳು.

"ಮಶಿನ್ ಮತ್ತ ಯಾರು ಸರಿ ಮಾಡ್ತಿದ್ರು?" ಉತ್ತರ ಗೊತ್ತಿದ್ದೂ ಕೇಳಿದ.

"ಯಾರ ಮಾಡ್ತಾರ? ನಿಮಗ ನಂಬರ ಬೀಳಬೇಕಲ್ಲ, ಅದಕ್ಕ ಮೊಬೈಲಿನ್ಯಾಗ ತಕರಾರ ಹಾಕೂದು. ಹಾಕಿ, ಅಕ್ಕನ ಸ್ವಂತ ಮೊಬೈಲಿಗೆ ಹಚ್ಚೂದು. ಆಕಿ ಎಣಸೂದು, ನಾವು ವಾಯರ್ ಹಿಡಕೊಂಡ ನಿಲ್ಲೂದು. ಅಷ್ಟಕ್ಕ ಆಗಲಿಲ್ಲಂದ್ರ ಟ್ಯಾಂಕರ್ ಡ್ರೈವರ್ ಕೈಯಾಗ ಬ್ಯಾರೆ ವಾಯರ್ ಕಳಸ್ತಿದ್ಲು. ಅವರೆಲ್ಲಾ ಆಕಿ ಗಂಡನ ಜೋಡಿ ದುಡಿದವರ ಅಲ್ಲೇನ್ರಿ, ಇಲ್ಲ ಅನ್ನೂದಿಲ್ಲ." ದಾವಲಸಾಬ ಕಾಲರು ಸರಿಪಡಿಸಿಕೊಂಡ. "ಈಗ ಹೇಳ್ಲ್ಯಾ, ಸಾಫ್ಟ್‌ವೇರ್ ಭಾಳ ಚಲೋ ಐತಿ ಅಂತ?"

ಮೊಬೈಲಿನಲ್ಲಿ ಎಲ್ಲವೂ ದಾಖಲಾಗುತ್ತಲೇ ಇತ್ತು. ದಾವಲಸಾಬ ಅಂದದ್ದು, ತಾನು ಕೇಳಿದ್ದು, ಹಿಂದೆ ಎಮ್ಮೆಯೊಂದು ಕೂಗಿದ್ದು. ಸುನೀಲ ಬೆರಳು ಒತ್ತಿ ನಿಲ್ಲಿಸಿದ. ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ದಾರಿಯುದ್ದಕ್ಕೂ ಅವನಿಗೆ ನಾಚಿಕೆಯಿಂದ ಮೈ ಕಾದಂತಾಗಿತ್ತು. ನೇರ ಮೇಡಂ ಹತ್ತಿರ ಹೋಗಿ, ಈ ವಿಡಿಯೋ ತೋರಿಸಿ, ತಪ್ಪಾಯಿತು ಅಂದುಬಿಡುವುದು. ಪಟ್ಟಿ ಸುಳ್ಳು, ಅವಳನ್ನು ಫೋನಿಗೇ ಕರೆತನ್ನಿ ಅಂದುಬಿಡುವುದು. ಹೇಳಬೇಕಾದ ಮಾತುಗಳನ್ನು ಹೆಲ್ಮೆಟ್ಟಿನೊಳಗೆ ನಾಲ್ಕೈದು ಸಲ ಹೇಳಿಯೂ ನೋಡಿದ. ಚೆನ್ನಾಗಿಯೇ ಬರುತ್ತಿದ್ದವು.

"ಬರ್ರಿ ಮ್ಯಾನೇಜರ್ ಸಾಹೇಬ್ರ," ಎಂದರು ಮೇಡಂ, ಅವನು ಬಾಗಿಲು ನೂಕುತ್ತಲೇ. ಮೇಜಿನ ಮೇಲೆ ಹೊಳೆಯುವ ಫಲಕವೊಂದಿತ್ತು: ಸುನೀಲನ ಹೆಸರು, ಕೆಳಗೆ 'ಸರ್ವಿಸ್ ಡೆಸ್ಕ್ ಮ್ಯಾನೇಜರ್'. "ಮಾಂವಾರು ಒಪ್ಪಿದ್ರು. ಮುಂದಿನ ತಿಂಗಳ ನಲವತ್ತೆರಡೂ ಸೆಂಟರಿಗೆ ಹಾಕೂಣು. ವಿಡಿಯೋ ಎಲ್ಲಿ?"

ಸುನೀಲ ಫಲಕವನ್ನು ನೋಡಿದ. ಅಕ್ಷರಗಳು ಅಚ್ಚುಕಟ್ಟಾಗಿದ್ದವು.

"ಬೆಳಕ ಸರಿ ಬಿದ್ದಿಲ್ಲರಿ ಮೇಡಂ," ಎಂದ. "ಇನ್ನೊಮ್ಮೆ ಹೋಗಿ ತಗೀತೇನಿ."

ಸಂಜೆಯವರೆಗೆ ಅವನು ಯಾರ ಮುಖವನ್ನೂ ನೋಡದೆ ಕೂತ. ಮುಂದಿನ ಕೋಣೆಯಲ್ಲಿ ಲಗಮವ್ವನ ಮೇಜಿದ್ದ ಜಾಗದಲ್ಲಿ ನೀರಿನ ಕ್ಯಾನು ಇಟ್ಟಿದ್ದರು. ಆರು ದಾಟಿದ ಮೇಲೆ, ಅವಳಿಗಾದರೂ ಹೇಳದಿದ್ದರೆ ಮನೆಗೆ ಹೋಗಲಾಗುವುದಿಲ್ಲ ಎನಿಸಿ, ತಂಪುಕೋಣೆಯ ದಪ್ಪ ಬಾಗಿಲು ಎಳೆದು ಒಳಗೆ ಹೋದ.

ಲಗಮವ್ವ ಸೀರೆಯ ಮೇಲೆ ಯಾರದೋ ಗಂಡಸಿನ ಸ್ವೆಟರು ಹಾಕಿ, ತಲೆಗೆ ಶಾಲು ಸುತ್ತಿಕೊಂಡು ಟ್ರೇ ತುಂಬುತ್ತಿದ್ದಳು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದಳು. ಅವನನ್ನು ಕಂಡು ಮುಖ ಅರಳಿತು.

"ಸುನೀಲಪ್ಪಾ, ಮ್ಯಾನೇಜರ್ ಆದ್ರಂತಲ್ಲ. ಡ್ರೈವರ್ ಮಂದಿ ಹೇಳಿದ್ರು. ನನಗ ಭಾಳ ಖುಷಿ ಆತ ನೋಡ್ರಿ."

"ಲಗಮಕ್ಕಾ, ನಾ ನಿಮಗೊಂದು..." ಎಂದು ಶುರು ಮಾಡಿದ.

ಅಷ್ಟರಲ್ಲಿ ಅವಳ ಸ್ವೆಟರಿನೊಳಗೆ ಫೋನು ಗುರುಗುಟ್ಟಿತು. ತಂಪುಕೋಣೆಯೊಳಗೆ ಫೋನು ತರುವಂತಿಲ್ಲ. ಅವಳು ಕಳ್ಳಿಯ ಹಾಗೆ ಅತ್ತಿತ್ತ ನೋಡಿ, ಎರಡು ಬೆರಳಲ್ಲಿ ಅದನ್ನು ಹೊರಗೆಳೆದಳು. ಕೈ ಒದ್ದೆಯಾಗಿತ್ತು, ಬೆರಳ ತುದಿಗಳು ಸುಕ್ಕುಗಟ್ಟಿದ್ದವು. "ಇದನ್ನ ಈಟ ಹಿಡೀರಿ, ಜಾರತೈತಿ," ಎಂದು ಅವನ ಕೈಗೆ ಕೊಟ್ಟಳು. ಸುನೀಲ ಅದನ್ನು ಅವಳ ಕಿವಿಗೆ ಹಿಡಿದ.

"ಹಾಂ ದುಂಡಪ್ಪಣ್ಣಾ, ಚಾ ಆತ್ರ್ಯಾ? ಮತ್ತ ಕೈಕೊಡ್ತೇನು ಮಶಿನ್? ಮೊಬೈಲಿನ್ಯಾಗ ತಕರಾರ ಹಾಕೀರಿಲ್ಲೋ? ಹಾಕೀರಿ. ಈಗ ವಾಯರ್ ಕೀಳ್ರಿ. ವರಸ್ರಿ. ನಾ ಹೇಳೂ ತನಕ ಹಾಕಬ್ಯಾಡ್ರಿ ಮತ್ತ. ಒಂದು, ಎರಡು, ಮೂರು..."

ಅವಳು ಎಣಿಸುತ್ತ ಎಣಿಸುತ್ತಲೇ ಟ್ರೇಗೆ ಪಾಕೀಟು ತುಂಬಿದಳು. ಬಾಯಿಂದ ಬಿಳಿಯ ಉಗಿ ಬರುತ್ತಿತ್ತು. ಅವಳು ಬಾಗಿದಾಗ ಸುನೀಲನೂ ಬಾಗಿದ, ಎದ್ದಾಗ ಎದ್ದ. ನಲವತ್ತರ ಹೊತ್ತಿಗೆ ಅವನ ಕೈ ಮರಗಟ್ಟತೊಡಗಿತು. ಎಪ್ಪತ್ತಕ್ಕೆ ಅವಳು ಒಮ್ಮೆ ಮೊಣಕಾಲು ಒತ್ತಿಕೊಂಡಳು, ಎಣಿಕೆ ತಪ್ಪಲಿಲ್ಲ.

"...ತೊಂಬತ್ತೊಂಬತ್ತು, ನೂರು. ಹಾಕ್ರಿ. ಬಂತೇನು? ನಾ ಹೇಳಲಿಲ್ಲೇನು? ಇನ್ನ ಹಾಲ ಹಾಕಿಸ್ಕೋರಿ, ಮಂದಿ ನಿಂತಿರತಾರ. ಮತ್ತ ಐದೂ ಚುಕ್ಕಿ ಒತ್ತೂದು ಮರೀಬ್ಯಾಡ್ರಿ. ನಮ್ಮ ಸುನೀಲಪ್ಪ ಈಗ ಮ್ಯಾನೇಜರ್ ಆಗ್ಯಾನ."

ಫೋನು ಕಟ್ಟಾಯಿತು. ಲಗಮವ್ವ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡು ಅವನ ಕಡೆ ತಿರುಗಿದಳು.

"ಏನೋ ಹೇಳಾಕ ಹತ್ತಿದ್ರಿ?"

ಸುನೀಲನ ಅಂಗಿಯ ಜೇಬಿನಲ್ಲಿ ಅವನ ಮೊಬೈಲು ಒಂದು ಸಲ ಸಣ್ಣಗೆ ನಡುಗಿ ಸುಮ್ಮನಾಯಿತು.

"ಬಂದೂವೇನ್ರಿ?" ಎಂದು ಕೇಳಿದಳು ಲಗಮವ್ವ. "ನೋಡ್ರಿ, ಐದೂ ಬಿದ್ದಾವೋ ಇಲ್ಲೋ."

ಅವನು ಜೇಬಿಗೆ ಕೈ ಹಾಕಲಿಲ್ಲ. ಅವಳ ಒದ್ದೆ ಫೋನನ್ನು ಇನ್ನೂ ಹಾಗೆಯೇ, ಅವಳ ಕಿವಿಯ ಎತ್ತರಕ್ಕೆ ಹಿಡಿದುಕೊಂಡು ನಿಂತಿದ್ದ.