ಕಾವಲಿನ ಜಾಡು

ಏಪ್ರಿಲ್ ಬಂದರೂ ಆ ವರ್ಷ ಹಿಮ ಸೊಂಟದಿಂದ ಕೆಳಗೆ ಇಳಿದಿರಲಿಲ್ಲ. ಆರ್ಡಿಸ್ ಶಿಬಿರದ ಒಲೆಯ ಬಳಿ ಕಾಫಿಯನ್ನು ನಿಂತೇ ಕುಡಿದು, ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ದಿಬ್ಬದ ಕಡೆ ಹೊರಟಳು. ಹಿಂದೆ ಡೆಲ್ವಿನ್. ಕಾಡೆಮ್ಮೆಗಳನ್ನು ಉಳಿಸಿಕೊಳ್ಳಬೇಕೆಂದು ಕಣಿವೆಯ ನಾಲ್ಕಾರು ಜನ ಕಟ್ಟಿಕೊಂಡ ಶಿಬಿರ ಅದು. ದನ ಸಾಕುವ ಮನೆತನದ ವಿಧವೆ ಆರ್ಡಿಸ್ ಅಲ್ಲಿಗೆ ಹಿರಿಯಳು. ಡೆಲ್ವಿನ್ ಬ್ಲ್ಯಾಕ್‌ಫೀಟ್ ಎಂಬ ಅಮೆರಿಕದ ಮೂಲನಿವಾಸಿ ಜನದವನು, ಬಾಯಿ ಒರಟು, ಮನಸ್ಸು ಮೆತ್ತಗೆ.

ಅವರ ಕೆಲಸ ದಿಬ್ಬದ ಮೇಲೆ ಕೂತು ಕೆಳಗಿನ ದೊಡ್ಡಿಯ ಮೇಲೆ ಕಣ್ಣಿಡುವುದು, ದಿನಕ್ಕೊಮ್ಮೆ ಅದರ ಬಾಗಿಲವರೆಗೆ ಇಳಿದು ನೋಡಿ ಬರುವುದು. ಯೆಲ್ಲೊಸ್ಟೋನ್ ಕಾಡಿನಿಂದ ಮೇವಿಗೆ ಇಳಿಯುವ ಕಾಡೆಮ್ಮೆಗಳನ್ನು ಹಿಡಿಯಲೆಂದು ಜಾನುವಾರು ಇಲಾಖೆಯವರು ಕಬ್ಬಿಣದ ಕೊಳವೆಗಳಲ್ಲಿ ಕಟ್ಟಿದ ದೊಡ್ಡಿ. ಒಳಗೆ ಘಮಘಮಿಸುವ ಒಣಹುಲ್ಲು. ಹೊಕ್ಕದ್ದು ಲಾರಿ ಹತ್ತಿ ಕಸಾಯಿಖಾನೆಗೆ ಹೋಗುತ್ತದೆ. ಯಾಕೆ ಎಂದು ಕೇಳಿದರೆ, ಅವುಗಳಿಂದ ಊರ ದನಗಳಿಗೆ ಗಬ್ಬ ಜಾರಿ ಕಂದು ಹಾಕುವ ರೋಗ ಹತ್ತುತ್ತದೆ ಎನ್ನುತ್ತಾರೆ. ಹಾಗೆ ಹತ್ತಿಸಿಕೊಂಡ ಹಸು ಈ ಕಣಿವೆಯಲ್ಲಿ ಯಾವುದು, ತೋರಿಸಿ ಎಂದರೆ ಮಾತು ಬದಲಿಸುತ್ತಾರೆ.

ಶಿಬಿರದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕಾಡೆಮ್ಮೆಯನ್ನು ಅಟ್ಟಬಾರದು, ಕೂಗಿ ಬೆದರಿಸಬಾರದು. ನೋಡಬೇಕು, ಚಿತ್ರ ಹಿಡಿಯಬೇಕು, ಜಗತ್ತಿಗೆ ತೋರಿಸಬೇಕು. ಹಿಂದೊಮ್ಮೆ ಇಲಾಖೆಯವರು ಅಟ್ಟಿಸಿಕೊಂಡು ಹೋದಾಗ ತುಂಬು ಗಬ್ಬದ ಹೆಣ್ಣೊಂದು ಓಡುತ್ತಲೇ ಕರು ಹಾಕಿದ್ದನ್ನು ಆರ್ಡಿಸ್ ಕಣ್ಣಾರೆ ಕಂಡಿದ್ದಳು. ಕರು ಏಳಲೇ ಇಲ್ಲ. ಅಂದಿನಿಂದ ಹೊಸಬರು ಯಾರೇ ಬರಲಿ, ಒಲೆಯ ಪಕ್ಕ ಕೂರಿಸಿಕೊಂಡು ಈ ಮಾತು ಹೇಳಿಯೇ ಊಟಕ್ಕೆ ಬಿಡುತ್ತಿದ್ದಳು.

ತಿರುವಿನಲ್ಲಿ ಡೆಲ್ವಿನ್ ಹಿಂದಕ್ಕೆ ನೋಡಿ ನಿಂತುಬಿಟ್ಟ. ದೂರದ ಪೈನ್ ಮರಗಳ ನಡುವಿನಿಂದ ಹಿಂಡು ನಿಧಾನವಾಗಿ ಬರುತ್ತಿತ್ತು, ಒಂದರ ಹಿಂದೆ ಒಂದು. ಮುಂದೆ ಕೊಂಬು ಮುರಿದ ಮುದಿ ಹೆಣ್ಣು. ಶಿಬಿರದವರು ಅವಳನ್ನು ಅಜ್ಜಿ ಎನ್ನುತ್ತಿದ್ದರು. ಅಜ್ಜಿ ಪ್ರತಿ ವರ್ಷ ತೊರೆಯ ಬದಿಯಿಂದ ಇಳಿದು, ದೊಡ್ಡಿಯನ್ನು ದೂರದಿಂದಲೇ ಬಳಸಿ, ಹಿಂಡನ್ನು ಹೊಳೆದಂಡೆಯ ಹುಲ್ಲಿಗೆ ಮುಟ್ಟಿಸುತ್ತಿದ್ದಳು. ಅವು ಕರು ಹಾಕುತ್ತಿದ್ದದ್ದು ಅಲ್ಲೇ. ಈ ಸಲ ತೊರೆಯ ಬದಿಯಲ್ಲಿ ಹಿಮ ಎದೆಮಟ್ಟ. ಬಸಿರು ಹೊತ್ತವರಿಗೆ ಗಟ್ಟಿ ನೆಲ ಬೇಕು.

"ದೊಡ್ಡಮ್ಮ, ಅಜ್ಜಿ ಬರ್ತಿರೋದು ನಮ್ಮ ಜಾಡಲ್ಲಿ," ಎಂದ ಡೆಲ್ವಿನ್. "ಚಳಿಗಾಲ ಪೂರ್ತಿ ತುಳಿದು ತುಳಿದು ದೊಡ್ಡಿ ಬಾಗಿಲವರೆಗೂ ನಾವೇ ರಸ್ತೆ ಹಾಕಿಕೊಟ್ಟಿದೀವಿ. ಇಲಾಖೆಯವರಿಗೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ."

ಆರ್ಡಿಸ್ ತಿರುಗಿ ಜಾಡನ್ನು ನೋಡಿದಳು. ಕಾಯಲೆಂದು ನಡೆದ ಹೆಜ್ಜೆಗಳೇ ಹಿಂಡನ್ನು ಸಾವಿನ ಬಾಗಿಲಿಗೆ ತರುತ್ತಿದ್ದವು. ಅಡ್ಡ ನಿಂತು ಕೂಗೋಣ, ತಿರುಗುತ್ತವೆ ಎಂದ ಡೆಲ್ವಿನ್. ಅವಳು ಬೇಡವೆಂದಳು. ಬೆದರಿ ಪಕ್ಕಕ್ಕೆ ಹಾರಿದರೆ ಆ ಆಳದ ಹಿಮದಲ್ಲಿ ಹೂತು ಒದ್ದಾಡಿ, ಹೊಟ್ಟೆಯಲ್ಲಿದ್ದದ್ದು ಉಳಿಯುವುದಿಲ್ಲ.

"ಹಾಗಾದ್ರೆ ನಿಂತು ಫೋಟೋ ತೆಗೀಲಾ?"

ಎಡಗಡೆ ಲೈಲ್‌ನ ಬೇಲಿಯಿತ್ತು, ಅದರಲ್ಲಿ ಒಂದು ಗೇಟು. ಆಚೆಯ ಇಳಿಜಾರಿನಲ್ಲಿ ಗಾಳಿ ಹಿಮವನ್ನು ಗುಡಿಸಿ ಹಾಕಿತ್ತು, ಹೊಳೆಯವರೆಗೂ ಹುಲ್ಲು ಕಾಣುತ್ತಿತ್ತು. ಲೈಲ್ ಅವಳ ಗಂಡನ ತಮ್ಮ. ಅತ್ತಿಗೆ ಶಿಬಿರ ಸೇರಿದ ಮೇಲೆ ಮಾತು ಬಿಟ್ಟಿದ್ದ. ಒಂದು ಗೊರಸು ತನ್ನ ಬೇಲಿ ದಾಟಿದರೂ ತಾನೇ ಇಲಾಖೆಯನ್ನು ಕರೆಸುವುದಾಗಿ ಚರ್ಚಿನ ಬಾಗಿಲಲ್ಲೇ ಸಾರಿದ್ದ. ಅದಲ್ಲದೆ, ಆ ಸೀಮೆಯಲ್ಲಿ ಕಳ್ಳನೂ ಮುರಿಯದ ಕಟ್ಟಳೆಯೊಂದಿದೆ: ಮುಚ್ಚಿದ್ದ ಗೇಟು ಮುಚ್ಚಿರಬೇಕು, ತೆರೆದಿದ್ದದ್ದು ತೆರೆದಿರಬೇಕು. ಸೊಸೆಯಾಗಿ ಬಂದಂದಿನಿಂದ ಆರ್ಡಿಸ್ ಅದನ್ನು ಒಮ್ಮೆಯೂ ಮೀರಿದವಳಲ್ಲ.

ಅವಳು ಗೇಟಿನ ಕಡೆ ಹಿಮವನ್ನು ತುಳಿಯತೊಡಗಿದಳು. ಅಡ್ಡಡ್ಡ ಹೆಜ್ಜೆ ಹಾಕುತ್ತ, ಉಸಿರು ಕಟ್ಟಿಕೊಂಡು. ಡೆಲ್ವಿನ್ ಸತ್ತ ಕೊಂಬೆಗಳನ್ನು ಎಳೆತಂದು ಹಳೆಯ ಜಾಡಿಗೆ ಅಡ್ಡ ಹಾಕಿ, ತಾನೂ ಬಂದು ತುಳಿದ. ಗೇಟು ಹೆಪ್ಪುಗಟ್ಟಿತ್ತು. ಇಬ್ಬರೂ ಕೈಯಿಂದಲೇ ಹಿಮ ಬಗೆದು ಅದನ್ನು ತೆರೆದು, ಮರದ ಮರೆಗೆ ಸರಿದರು.

ಕವಲಿನಲ್ಲಿ ಅಜ್ಜಿ ನಿಂತಳು. ಕೊಂಬೆಗಳನ್ನು ಮೂಸಿದಳು, ಹೊಸದಾಗಿ ತುಳಿದ ಹಿಮವನ್ನು ಮೂಸಿದಳು. ಆಮೇಲೆ ನಿಧಾನವಾಗಿ ಗೇಟಿನ ಕಡೆ ತಿರುಗಿದಳು, ಹಿಂಡೂ ತಿರುಗಿತು. ಆದರೆ ಗಾಳಿ ಕೆಳಗಿನಿಂದ ಒಣಹುಲ್ಲಿನ ವಾಸನೆ ತಂದಿತು. ಕೊನೆಯಲ್ಲಿದ್ದ ವರ್ಷದ ಕರುಗಳು ಮೂರು, ಕೊಂಬೆ ದಾಟಿ ಹಳೆಯ ಜಾಡನ್ನೇ ಹಿಡಿದವು. ಡೆಲ್ವಿನ್ ಕೂಗಲು ಬಾಯಿ ತೆರೆದ. ಗಬ್ಬದವು ಇನ್ನೂ ಗೇಟಿನಲ್ಲೇ ಇದ್ದವು. ಆರ್ಡಿಸ್ ಅವನ ತೋಳನ್ನು ಬಿಗಿಯಾಗಿ ಹಿಡಿದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಬ್ಬಿಣದ ಬಾಗಿಲು ಬಿದ್ದ ಸದ್ದು ಕೇಳಿಸಿತು.

ಲೈಲ್ ಬಂದಾಗ ಹಿಂಡು ಅವನ ಹುಲ್ಲಿನಲ್ಲಿ ಮುಸುಡಿಯಿಂದ ಹಿಮ ಸರಿಸುತ್ತಿತ್ತು. ಅವನ ಕೈಯಲ್ಲಿ ಫೋನಿತ್ತು.

"ಗೇಟು ತೆಗೆದಿದ್ದು ಯಾರು?"

"ನಾನು."

"ಅಣ್ಣ ಇದ್ದಿದ್ರೆ ಏನಂತಿದ್ದ, ಅತ್ತಿಗೆ?"

"ಬೈತಿದ್ದ. ನೀನು ಫೋನ್ ಮಾಡೋದಾದ್ರೆ ಮಾಡು, ಲೈಲ್. ಮೂರು ಆಗ್ಲೇ ಸಿಕ್ಕಿವೆ ಅವರಿಗೆ."

ಲೈಲ್ ತುಸು ದೂರದಲ್ಲಿ ನಿಂತ ಒಂದು ಹೆಣ್ಣನ್ನೇ ನೋಡುತ್ತಿದ್ದ. ಕೆಚ್ಚಲು ಬಿಗಿದಿತ್ತು, ಬಾಲದ ಬುಡ ಸಡಿಲವಾಗಿತ್ತು. ಹುಟ್ಟಿದಾಗಿನಿಂದ ದನಗಳ ಜೊತೆ ಬದುಕಿದವನಿಗೆ ಅದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

"ಇವತ್ತೋ ನಾಳೆಯೋ ಹಾಕುತ್ತೆ ಅದು," ಎಂದು ಗೊಣಗಿ ಫೋನನ್ನು ಜೇಬಿಗಿಟ್ಟ. "ಕರುಗಳು ಕಾಲೂರೋವರೆಗೆ ಇರ್ಲಿ. ಆಮೇಲೆ ನಾನೇ ಕರೀತೀನಿ, ಹೇಳಿರ್ತೀನಿ."

ಹೋಗುವಾಗ ಗೇಟನ್ನು ಅವನೇ ಮುಚ್ಚಿದ.

ಮಧ್ಯಾಹ್ನ ಲಾರಿ ಬಂತು. ಆರ್ಡಿಸ್ ದಿಬ್ಬದ ಮೇಲೆ ನಿಂತು ಮೂರೂ ಕರುಗಳು ಹತ್ತುವುದನ್ನು ಕ್ಯಾಮೆರಾದಲ್ಲಿ ಹಿಡಿದಳು. ಅಳುತ್ತಿದ್ದಳು, ಆದರೆ ಕ್ಯಾಮೆರಾ ಇಳಿಸಲಿಲ್ಲ. ಲಾರಿ ಮರೆಯಾದ ಮೇಲೆ ಶಿಬಿರದವರನ್ನೆಲ್ಲ ಕರೆಸಿದಳು. ಕತ್ತಲಾಗುವ ಮುನ್ನ ಅವರೆಲ್ಲ ಸಲಿಕೆ ಹಿಡಿದು, ಚಳಿಗಾಲವಿಡೀ ತುಳಿದ ಆ ಜಾಡನ್ನು ತುದಿಯಿಂದ ತುದಿಗೆ ಅಗೆದು ಕೆಡಿಸಿದರು.

ಮರುದಿನ ಬೆಳಗ್ಗೆ ಅವಳು ಹಲಗೆಗಳನ್ನು ಬಾಗಿಲ ಬಳಿಯೇ ಬಿಟ್ಟಳು. ಹಲಗೆ ಓಡಿದಲ್ಲಿ ಹಿಮ ಗಟ್ಟಿಯಾಗಿ ಜಾಡಾಗುತ್ತದೆ, ಇನ್ನು ಮೇಲೆ ನಿನ್ನೆ ನಡೆದಲ್ಲಿ ಇವತ್ತು ಯಾರೂ ಕಾಲಿಡಬಾರದು ಎಂದಳು.

"ದಿನಾ ಹೊಸ ಹಿಮ ಅಂದ್ರೆ ನಿಮ್ಮ ಮಂಡಿ ತಡೆಯುತ್ತಾ, ದೊಡ್ಡಮ್ಮ?" ಎಂದು ಡೆಲ್ವಿನ್ ಕೇಳಿದ.

"ತಡೀದಿದ್ರೆ ತೆವಳ್ತೀನಿ," ಎಂದು ಆರ್ಡಿಸ್ ಸೊಂಟಮಟ್ಟದ ಹಿಮಕ್ಕೆ ಇಳಿದಳು.