ಕಂಬದ ಬದಿಯ ಮಾರೆಮ್ಮ

ಆಟದ ವಿಡಿಯೋ ನಿಲ್ಲಿಸಿ, ಅದರ ಮೇಲೆ ಗೆರೆ, ಬಾಣ, ಸುತ್ತು ಹಾಕಿ ಆಟಗಾರರಿಗೆ ತಪ್ಪು-ಒಪ್ಪು ತೋರಿಸುವ ಸಾಫ್ಟ್‌ವೇರ್ ಇರುತ್ತದಲ್ಲ, ಅಂಥದ್ದರಲ್ಲಿ ಬರೆಯುವ ಸಾಧನಗಳನ್ನು ರೂಪಿಸುವುದು ಅನ್ನಪೂರ್ಣಳ ಕೆಲಸ. ಕೊಪ್ಪಳದ ಮನೆಯಿಂದಲೇ ಮಾಡುತ್ತಿದ್ದಳು. ಪರದೆಯ ಮೇಲೆ ಬೆರಳಿನಿಂದ ಗೆರೆ ಎಳೆಯುವ ಹೊಸ ಪೆನ್ನನ್ನು ಕಂಪ್ಯೂಟರ್ ಗೊತ್ತಿಲ್ಲದವರ ಕೈಗೆ ಕೊಟ್ಟು ನೋಡಬೇಕಿತ್ತು. ನೆನಪಾದವಳು ಬಾಷಾಬಿ.

ಇಬ್ಬರೂ ಇರಕಲ್ಲಗಡ ಶಾಲೆಯ ಖೋಖೋ ತಂಡದಲ್ಲಿದ್ದವರು. ಬಾಷಾಬಿ ಈಗ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಬಟ್ಟೆ ಹೊಲಿಯುತ್ತಾಳೆ. ಅನ್ನಪೂರ್ಣ ಒಯ್ದ ಟ್ಯಾಬ್ಲೆಟ್ಟಿನಲ್ಲಿ ಅವರದೇ ಫೈನಲ್ ಪಂದ್ಯದ ವಿಡಿಯೋ ಇತ್ತು. ಇಪ್ಪತ್ನಾಲ್ಕು ವರ್ಷದ ಹಿಂದೆ, ಮದುವೆ ವಿಡಿಯೋ ತೆಗೆಯುತ್ತಿದ್ದ ಬಾಷಾಬಿಯ ಮಾಮ ಇಲಿಯಾಸ ತೆಗೆದದ್ದು.

"ಯವ್ವಾ, ನಾ ಎಷ್ಟು ತೆಳ್ಳಗಿದ್ನಲೇ!" ಬಾಷಾಬಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಕೊನೆಯ ನಿಮಿಷ. ಎದುರಾಳಿಯ ಬೆನ್ನುಹತ್ತಿದ ಬಾಷಾಬಿ ಓಡುತ್ತ ಓಡುತ್ತ ಚಿತ್ರದಿಂದಲೇ ಹೊರಗೆ ಹೋದಳು. ಕ್ಯಾಮೆರಾ ತಿರುಗಲಿಲ್ಲ. ಬರೀ ಧೂಳು, ಕೂಗು. ಅವಳು ಮರಳಿ ಬಂದಾಗ ಹುಡುಗಿಯರೆಲ್ಲ ಅವಳನ್ನು ಹೆಗಲಿಗೇರಿಸಿಕೊಂಡರು.

ಅನ್ನಪೂರ್ಣ ವಿಡಿಯೋ ಹಿಂದಕ್ಕೆಳೆದು, ಓಟದ ನಡುವೆ ನಿಲ್ಲಿಸಿದಳು. "ನೀ ಓಡಿದ ದಾರಿ ಬರಿ."

ಬಾಷಾಬಿಯ ಬೆರಳು ಪರದೆಯ ಅಂಚು ಮುಟ್ಟಿತು. ಗೆರೆ ಅಲ್ಲೇ ನಿಂತಿತು, ಬೆರಳು ಮಾತ್ರ ಮೇಜಿನ ಮೇಲೆ ಸಾಗಿತು. ಮತ್ತೆ ಹಾಗೇ. ಮೂರನೆಯ ಸಲ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡಿನಿಂದ ಮೇಜಿನ ಮೇಲೇ ಒಂದು ಗೀಟು ಎಳೆದಳು.

"ಪರದಿ ಬಿಟ್ಟು ಹೋಗಬ್ಯಾಡ."

"ಹೋಗದ ಹ್ಯಾಂಗ? ಕಂಬ ಇಲ್ಲೈತಿ. ಬದಿಗೆ ಮಾರೆಮ್ಮ ಕುಂತಿದ್ಲು. ನಾ ಆಕಿಗೆ ಖೋ ಕೊಟ್ಟೆ. ಔಟ್ ಮಾಡಿದ್ದು ಆಕಿ. ಕಾಲು ಉಳುಕಿಸಿಕೊಂಡು ಅಲ್ಲೇ ಬಿದ್ಲು, ನೀವೆಲ್ಲಾ ನನ್ನ ಎತ್ತಿದ್ರಿ. ಈಗ ಆಕಿನ್ನ ಎಲ್ಲಿ ಬರೀಲಿ?"

ಎತ್ತಿದವರಲ್ಲಿ ಅನ್ನಪೂರ್ಣಳೂ ಇದ್ದಳು. ಚಿತ್ರದಲ್ಲಿ ಇಲ್ಲದ್ದನ್ನೂ ಯಾರಾದರೂ ಬರೆಯಬಯಸಬಹುದೆಂದು ಈ ಕೆಲಸದ ಎರಡು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಆ ವಾರ ಅವಳು ಚಿತ್ರವನ್ನು ಕೊಂಚ ಕುಗ್ಗಿಸಿ, ಸುತ್ತಲೂ ಖಾಲಿ ಜಾಗ ಬಿಟ್ಟಳು. ಗೆರೆ ಅಂಚು ದಾಟಿದರೂ ಕಡಿಯದಂತೆ ಮಾಡಿದಳು. ಇದು ಯಾರಿಗೆ ಬೇಕು ಎಂದು ಕಂಪನಿಯವರು ಕೇಳಿದರು. ಬಾಷಾಬಿಯ ಮೇಜಿನ ಕಥೆ ಹೇಳಿದಳು. ಒಪ್ಪಿದರು.

ಭಾನುವಾರ ಗೆಳತಿಯರಿಬ್ಬರೂ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದರು. ಮಾರೆಮ್ಮ ಅಲ್ಲಿ ಭತ್ತದ ಗದ್ದೆಗಳಿಗೆ ನಾಟಿ ಮಾಡಲು ಹೋಗುತ್ತಾಳೆ. ಮನೆ ಮುಂದಿನ ಕಟ್ಟೆಯ ಮೇಲೆ ಕೂತು ವಿಡಿಯೋ ನೋಡಿದಳು. ಆ ಕೊನೆಯ ನಿಮಿಷದಲ್ಲಿ ಅವಳು ಎಲ್ಲಿಯೂ ಇರಲಿಲ್ಲ.

"ಇಲ್ಲಿ ಬರಿಯಬೇ," ಎಂದಳು ಬಾಷಾಬಿ, ಖಾಲಿ ಜಾಗ ತೋರಿಸಿ.

ಮಾರೆಮ್ಮ ಸೀರೆಗೆ ಕೈ ಒರೆಸಿಕೊಂಡು, ಹೆಬ್ಬೆರಳಿನಿಂದ ಮೊದಲು ಕಂಬ ನಿಲ್ಲಿಸಿದಳು. ಆಮೇಲೆ ಮುಂದಕ್ಕೆ ಹಾರಿದ ಒಬ್ಬ ಹುಡುಗಿ. ಚಾಚಿದ ಕೈ ಚಿತ್ರದೊಳಗಿನ ಧೂಳಿನವರೆಗೂ ಬಂತು.

"ಕೈ ಭಾಳ ಉದ್ದಾತು. ಅಳಸಲೇನು?" ಅನ್ನಪೂರ್ಣ ಕೇಳಿದಳು.

"ಬ್ಯಾಡ. ಅವತ್ತು ಅಷ್ಟು ಉದ್ದ ಆಗಿತ್ತು," ಎಂದಳು ಮಾರೆಮ್ಮ.

ಬಾಷಾಬಿ ಅವಳ ಭುಜಕ್ಕೆ ಭುಜ ತಾಗಿಸಿ ಕೂತಳು. ಮಾರೆಮ್ಮ, "ವಿಡಿಯೋ ಮೊದಲಿಂದ ಹಚ್ಚಬೇ" ಎಂದಳು. ಅನ್ನಪೂರ್ಣ ಹಚ್ಚಿದಳು.